ಗಾಜಿನ ಬೋಗಿ ಬೇಕೇ ಬೇಕಾ? ಆಲ್ಪ್ಸ್ ಬೆಟ್ಟದ ರೈಲು ಹತ್ತುವವರಿಗೆ

ಪ್ರಶ್ನೆ: ಮುಂದಿನ ಮೇ ತಿಂಗಳಲ್ಲಿ ಹತ್ತು ದಿನ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, 11 ವರ್ಷದ ಮಗಳು, 70 ದಾಟಿದ ಅಪ್ಪ-ಅಮ್ಮ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಅಪ್ಪನಿಗೆ ಬಿಪಿ ಇದೆ. ರೈಲಿನಲ್ಲಿ ಕೂತು ಹಿಮದ ಬೆಟ್ಟ ನೋಡಬೇಕು ಅನ್ನುವುದು ಅವರಿಬ್ಬರ ಬಹಳ ದಿನದ ಆಸೆ. ಬರ್ನಿನಾ ಎಕ್ಸ್‌ಪ್ರೆಸ್, ಗ್ಲೇಸಿಯರ್ ಎಕ್ಸ್‌ಪ್ರೆಸ್, ಯುಂಗ್‌ಫ್ರೌ ಮೂರನ್ನೂ ಮಾಡಿ ಅಂತ ಹೇಳುವವರಿದ್ದಾರೆ. ಗಾಜಿನ ಬೋಗಿಯ ಸೀಟು ಈಗಲೇ ಬುಕ್ ಮಾಡದಿದ್ದರೆ ಸಿಗಲ್ಲ ಅಂತಲೂ ಹೆದರಿಸುತ್ತಾರೆ. ನಾವು ಸಸ್ಯಾಹಾರಿಗಳು. ಯಾವುದನ್ನು ಆರಿಸಲಿ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರನ್ನೂ ಮಾಡಬೇಡಿ. ಬರ್ನಿನಾ ದಾರಿಯೊಂದನ್ನೇ ಆರಿಸಿಕೊಳ್ಳಿ. ಅದನ್ನು ಗಾಜಿನ ಬೋಗಿಯಲ್ಲಿ ಅಲ್ಲ, ಊರಿನ ಜನ ಓಡಾಡುವ ಮಾಮೂಲಿ ರೈಲಿನಲ್ಲಿ ನೋಡಿ. ಆ ಬೆಟ್ಟಗಳ ನಡುವೆಯೇ ಮೂರು ರಾತ್ರಿ ಉಳಿಯಿರಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಮೂವತ್ತು ವರ್ಷ ರೈಲ್ವೆಯಲ್ಲಿ ಹಳಿಯ ಕೆಲಸ ನೋಡಿಕೊಂಡವನು. ಅದರಲ್ಲಿ ಕೆಲವು ವರ್ಷ ಸಕಲೇಶಪುರದ ಘಾಟಿಯಲ್ಲಿ ಕಳೆದೆ. ಮಗಳು ಜ್ಯೂರಿಕ್‌ನಲ್ಲಿ ಇರುವುದರಿಂದ ಆಲ್ಪ್ಸ್ ಕಡೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಎಲ್ಲರಂತೆ ದೊಡ್ಡ ಹೆಸರಿನ ರೈಲುಗಳ ಹಿಂದೆ ಓಡಿದೆ. ಆಮೇಲಿನ ಮೂರು ಸಲ ನಿಧಾನವಾಗಿ ನೋಡಲು ಕಲಿತೆ.

ಗಾಜಿನ ಬೋಗಿಯ ವಿಷಯ ಮೊದಲು ಮುಗಿಸೋಣ. ಬರ್ನಿನಾ ಎಕ್ಸ್‌ಪ್ರೆಸ್ ಅನ್ನುವುದು ಕೂರ್ ಪಟ್ಟಣದಿಂದ ಇಟಲಿಯ ತಿರಾನೋವರೆಗೆ ಹೋಗುವ ರೈಲು. ಸುಮಾರು ನಾಲ್ಕು ಗಂಟೆಯ ಪ್ರಯಾಣ. (ನಕ್ಷೆಯಲ್ಲಿ ನೋಡಿದರೆ ‘ಚುರ್’ ಅಂತ ಓದಬೇಕು ಅನ್ನಿಸುತ್ತದೆ. ಅಲ್ಲಿಯವರು ಕೂರ್ ಅನ್ನುತ್ತಾರೆ.) ಇದರ ಕಿಟಕಿ ಛಾವಣಿಯವರೆಗೂ ಬಾಗಿರುತ್ತದೆ. ಟಿಕೆಟ್ ಅಲ್ಲದೆ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಅದೇ ಹಳಿಯ ಮೇಲೆ, ಅದೇ ಸೇತುವೆ, ಅದೇ ಸುರಂಗದಲ್ಲಿ ಮಾಮೂಲಿ ರೈಲುಗಳೂ ಓಡುತ್ತವೆ. ಸೇಂಟ್ ಮೊರಿಟ್ಜ್‌ನಿಂದ ತಿರಾನೋಗೆ ಹಗಲೆಲ್ಲ ಹೆಚ್ಚುಕಡಿಮೆ ಗಂಟೆಗೊಂದು. ಸೀಟು ಕಾಯ್ದಿರಿಸುವ ಗೊಡವೆಯೇ ಇಲ್ಲ. ಬೇಕಾದಲ್ಲಿ ಇಳಿದು, ಚಹಾ ಕುಡಿದು, ಮುಂದಿನ ಗಾಡಿ ಹತ್ತಬಹುದು.

ಇನ್ನೊಂದು ವಿಷಯ. ಆ ದೊಡ್ಡ ಗಾಜು ತೆರೆಯುವುದಿಲ್ಲ. ಫೋಟೋ ತೆಗೆದರೆ ಬೆಟ್ಟದ ಮೇಲೆ ನಿಮ್ಮ ಸ್ವೆಟರ್‌ನ ಬಣ್ಣ ಮೂಡಿರುತ್ತದೆ. ಮಾಮೂಲಿ ಗಾಡಿಯ ಹಲವು ಬೋಗಿಗಳಲ್ಲಿ ಕಿಟಕಿಯ ಮೇಲ್ಭಾಗ ಕೆಳಗಿಳಿಸಬಹುದು. ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜುವ ಕೀರಲು ಸದ್ದು ಕೇಳುತ್ತದೆ. ಬೆಟ್ಟದ ರೈಲನ್ನು ಕಿವಿಯಿಂದಲೂ ನೋಡಬೇಕು, ಅಲ್ವಾ?

ಈಗ ಈ ದಾರಿ ಯಾಕೆ ಇಷ್ಟು ದೊಡ್ಡದು ಅಂತ ಹೇಳುತ್ತೇನೆ. ಇದು ತಿಳಿದು ಹೋದರೆ ಕಣ್ಣಿಗೆ ಕಾಣುವುದೇ ಬೇರೆ.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 55 ಕಿಲೋಮೀಟರ್, 57 ಸುರಂಗ. ಏರು 50ಕ್ಕೆ 1. ಅಂದರೆ 50 ಮೀಟರ್ ಹೋದರೆ 1 ಮೀಟರ್ ಏರುತ್ತೀರಿ. ಅಷ್ಟಕ್ಕೇ ನಮ್ಮ ಗಾಡಿಗಳಿಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ಹಚ್ಚಿ ತಳ್ಳಿಸುತ್ತೇವೆ. ಊಟಿಯ ರೈಲಿನಲ್ಲಿ ಏರು 12.5ಕ್ಕೆ 1. ಅಲ್ಲಿ ಬರೀ ಚಕ್ರದಿಂದ ಆಗುವುದಿಲ್ಲ. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಆ ಹಲ್ಲಿನ ವಿಧಾನ ಸ್ವಿಸ್ ಇಂಜಿನಿಯರ್ ಆಬ್ಟ್ ಅವರದು. ಅಲ್ಲಿ ಹೆಸರು ಮಾಡಿದ ‘ಎಕ್ಸ್’ ದರ್ಜೆಯ ಉಗಿ ಇಂಜಿನ್‌ಗಳು ತಯಾರಾದದ್ದೂ ಸ್ವಿಟ್ಜರ್ಲೆಂಡ್‌ನ ವಿಂಟರ್‌ಥೂರ್‌ನಲ್ಲಿ. ಅಪ್ಪ-ಅಮ್ಮ ಊಟಿ ರೈಲು ಹತ್ತಿದ್ದರೆ ಆಲ್ಪ್ಸ್‌ನ ಒಂದು ತುಣುಕನ್ನು ಆಗಲೇ ನೋಡಿದ್ದಾರೆ.

ಬರ್ನಿನಾದ ಏರು ನೂರಕ್ಕೆ 7. ನಮ್ಮ ಲೆಕ್ಕದಲ್ಲಿ 14ಕ್ಕೆ 1. ಊಟಿಗಿಂತ ಸ್ವಲ್ಪವೇ ಕಡಿಮೆ. ಆದರೆ ಹಲ್ಲಿನ ಹಳಿ ಇಲ್ಲ! ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಬರೀ ಘರ್ಷಣೆಯಿಂದ ಹಿಡಿದುಕೊಂಡು 2,253 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಇಷ್ಟು ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿಸುವುದು ಹತ್ತುವುದಕ್ಕಿಂತ ಕಷ್ಟ. ಹಳಿ ಕೆಲಸ ಮಾಡಿದವರಿಗೆ ಅದು ಗೊತ್ತು. ಮೊದಲ ಸಲ ಈ ಅಂಕಿ ಕೇಳಿದಾಗ ನಾನು ನಂಬಿರಲಿಲ್ಲ. ಹೋಗಿ, ನಿಲ್ದಾಣದಲ್ಲಿ ಬಗ್ಗಿ ಹಳಿಗಳ ನಡುವೆ ನೋಡಿದೆ. ಜಲ್ಲಿ, ಸ್ಲೀಪರ್, ಬೇರೇನೂ ಇಲ್ಲ.

ಇದು ಹೇಗೆ ಸಾಧ್ಯವಾಯಿತು? ಈ ಹಳಿಯನ್ನು 1908ರಿಂದ 1910ರ ನಡುವೆ ಹಂತ ಹಂತವಾಗಿ ತೆರೆದರು. ಮೊದಲಿನಿಂದಲೂ ಕರೆಂಟಿನ ರೈಲು. ಕಣಿವೆಯ ಜಲವಿದ್ಯುತ್ ಪಕ್ಕದಲ್ಲೇ ಇತ್ತು. ಟ್ರಾಮಿನ ಹಾಗೆ ಚಿಕ್ಕ ಗಾಡಿ, ಕಡಿಮೆ ಬೋಗಿ ಅಂತ ಯೋಚಿಸಿ ಕಟ್ಟಿದರು. ಹಾಗಾಗಿ ಕಡಿದಾದ ಏರು, 45 ಮೀಟರ್ ತ್ರಿಜ್ಯದ ಬಿಗಿ ತಿರುವು ಎರಡನ್ನೂ ಒಪ್ಪಿಕೊಂಡರು. ಕೂರ್ ಕಡೆಯಿಂದ ಬಂದು ಇದಕ್ಕೆ ಕೂಡಿಕೊಳ್ಳುವ ಆಲ್ಬುಲಾ ದಾರಿ ಅದಕ್ಕೂ ಮೊದಲಿನದು, 1903–04ರದ್ದು. ಅದನ್ನು ಕಟ್ಟಿದ್ದು ಉಗಿ ಇಂಜಿನ್‌ಗೆ. ಉಗಿ ಇಂಜಿನ್ ಅಷ್ಟು ಕಡಿದಾದ ಏರನ್ನು ಎಳೆಯುವುದಿಲ್ಲ. ಆದ್ದರಿಂದ ಅಲ್ಲಿ ಏರನ್ನು ನೂರಕ್ಕೆ 3.5ಕ್ಕೆ ನಿಲ್ಲಿಸಿ, ಹಳಿಯನ್ನೇ ಜಿಲೇಬಿಯ ಹಾಗೆ ಸುತ್ತಿದರು. ಬೆರ್ಗ್ಯೂನ್‌ನಿಂದ ಪ್ರೇದಾಗೆ ನೇರವಾಗಿ ಹೋದರೆ ಐದಾರು ಕಿಲೋಮೀಟರ್. ರೈಲು ಸುಮಾರು 12 ಕಿಲೋಮೀಟರ್ ಸುತ್ತಿ 416 ಮೀಟರ್ ಏರುತ್ತದೆ. ಬೆರ್ಗ್ಯೂನ್‌ನ ಚರ್ಚ್ ಒಮ್ಮೆ ಈ ಕಿಟಕಿಯಲ್ಲಿ, ಒಮ್ಮೆ ಆ ಕಿಟಕಿಯಲ್ಲಿ, ಪ್ರತಿ ಸಲವೂ ಇನ್ನಷ್ಟು ಕೆಳಗೆ ಕಾಣುತ್ತದೆ. ಮಗಳಿಗೆ ‘ನಾವೀಗ ಎಷ್ಟು ಸುತ್ತು ಹಾಕಿದೆವು, ಎಣಿಸು’ ಅಂತ ಹೇಳಿ. ದೊಡ್ಡವರಿಗೇ ತಪ್ಪುತ್ತದೆ. ಬೆರ್ಗ್ಯೂನ್ ನಿಲ್ದಾಣದ ಪಕ್ಕದಲ್ಲೇ ಈ ದಾರಿಯ ರೈಲ್ವೆ ಮ್ಯೂಸಿಯಂ ಇದೆ. ಮಗಳು ಇದ್ದಾಳಲ್ಲ, ಇಳಿದು ನೋಡಿ.

ಒಂದೇ ಪ್ರಯಾಣದಲ್ಲಿ ಉಗಿಯ ಕಾಲದ ಬುದ್ಧಿ, ಕರೆಂಟಿನ ಕಾಲದ ಧೈರ್ಯ ಎರಡೂ ಒಂದರ ಹಿಂದೆ ಒಂದು ಸಿಗುತ್ತವೆ. ಈ ಎರಡು ದಾರಿಗಳನ್ನು ಸೇರಿಸಿ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನೀಲಗಿರಿ ರೈಲು ಆ ಗೌರವ ಪಡೆದದ್ದು 2005ರಲ್ಲಿ.

ಈಗ ನಿಮ್ಮ ಪ್ರಯಾಣಕ್ಕೆ ಬರೋಣ. ಮೊದಲ ದಿನ ಜ್ಯೂರಿಕ್‌ನಿಂದ ಕೂರ್, ಅಲ್ಲಿಂದ ಆಲ್ಬುಲಾ ದಾರಿಯಲ್ಲಿ, ಸೇಂಟ್ ಮೊರಿಟ್ಜ್ ಇರುವ ಎಂಗಡೀನ್ ಕಣಿವೆಗೆ. ಕೂರ್ ಬಿಟ್ಟಾಗ ಬಲಗಡೆ ಕೂತುಕೊಳ್ಳಿ. ಫಿಲಿಸೂರ್‌ಗೆ ಸ್ವಲ್ಪ ಮೊದಲು ಲಾಂಡ್‌ವಾಸರ್ ಸೇತುವೆ ಬರುತ್ತದೆ. 65 ಮೀಟರ್ ಎತ್ತರ, ಆರು ಕಮಾನು, ಪೂರ್ತಿ ಕಲ್ಲು. ಸೇತುವೆ ಬಾಗಿರುವುದರಿಂದ ಮುಂದಿನ ಬೋಗಿಗಳು ನಿಮ್ಮ ಕಿಟಕಿಯಲ್ಲೇ ಕಾಣುತ್ತವೆ. ಎದುರಿಗೆ ನೆಟ್ಟಗೆ ನಿಂತ ಬಂಡೆ. ಅದರಲ್ಲೊಂದು ಕಪ್ಪು ತೂತು. ಸೇತುವೆ ಮುಗಿಯುವುದೇ ಆ ತೂತಿನೊಳಗೆ. ನಡುವೆ ಒಂದಡಿ ನೆಲವೂ ಇಲ್ಲ. ಕಂಬಗಳನ್ನು ಕಟ್ಟುವಾಗ ನೆಲದಿಂದ ಸಾರುವೆ ಕಟ್ಟಲಿಲ್ಲ. ಕಂಬದ ಒಳಗೇ ಕಬ್ಬಿಣದ ಗೋಪುರ ನಿಲ್ಲಿಸಿ, ಅದರ ಮೇಲೆ ಕ್ರೇನ್ ಇಟ್ಟು, ಕಲ್ಲು ಏರಿಸುತ್ತಾ ಹೋದರು. ಇದು 1902ರ ಮಾತು. ರೈಲು ದಾಟುವುದು ಅರೆ ನಿಮಿಷಕ್ಕೂ ಕಡಿಮೆ, ಆದ್ದರಿಂದ ಫೋನ್ ಹುಡುಕುತ್ತಾ ಕೂರಬೇಡಿ. ಪ್ರೇದಾ ಆದ ಮೇಲೆ ಸುಮಾರು 6 ಕಿಲೋಮೀಟರ್ ಸುರಂಗ. ಹಳೆಯದರ ಪಕ್ಕದಲ್ಲೇ ಹೊಸದನ್ನು ಕೊರೆದು 2024ರಲ್ಲಿ ತೆರೆದಿದ್ದಾರೆ.

ಉಳಿಯಲು ಸೇಂಟ್ ಮೊರಿಟ್ಜ್‌ಗಿಂತ ಪಕ್ಕದ ಪೊಂಟ್ರೆಸೀನಾ ಅಥವಾ ಸಮೇದಾನ್ ಒಳ್ಳೆಯದು. ಸದ್ದುಗದ್ದಲ ಕಡಿಮೆ. ಮೂರು ರಾತ್ರಿ ಅಂತ ಹೇಳಿದ್ದು ಮೋಡದ ಸಲುವಾಗಿ. ಒಂದು ದಿನ ಮುಸುಕಿದ್ದರೆ ಇನ್ನೊಂದು ದಿನ ಇರುತ್ತದೆ.

ಎರಡನೇ ದಿನ, ಬೆಳಿಗ್ಗೆ ಬಾನು ತಿಳಿಯಾಗಿದ್ದರೆ, ತಿರಾನೋ ಕಡೆಗೆ ಹೊರಡಿ. ಮತ್ತೆ ಬಲಗಡೆಯೇ. ಮೊದಲು ಮೊರ್ಟೆರಾಚ್ ಹಿಮನದಿ ಬಲಕ್ಕೆ ಕಾಣುತ್ತದೆ. ನೂರು ವರ್ಷದ ಹಿಂದೆ ರೈಲು ಬಂದ ಹೊಸತರಲ್ಲಿ ಹಿಮದ ಬಾಯಿ ನಿಲ್ದಾಣಕ್ಕೆ ಹತ್ತಿರವೇ ಇತ್ತು. ಈಗ ಅದನ್ನು ಮುಟ್ಟಬೇಕಾದರೆ ಮುಕ್ಕಾಲು ಗಂಟೆಗಿಂತ ಹೆಚ್ಚು ನಡೆಯಬೇಕು. ಆ ಕಾಲುದಾರಿಯ ಬದಿಯಲ್ಲಿ ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತು ಅಂತ ಫಲಕ ನೆಟ್ಟಿದ್ದಾರೆ. ನಾನು ಹುಟ್ಟಿದ ಕಾಲದ ಫಲಕದ ಹತ್ತಿರ ನಿಂತು ನೋಡಿದೆ. ಹಿಮ ಎಷ್ಟೋ ದೂರದಲ್ಲಿತ್ತು. ನಡುವೆ ಬರೀ ಕಲ್ಲು, ನೀರು, ಎಳೆಯ ಗಿಡ. ಆ ದಿನ ಅಲ್ಲಿಂದ ಬೇಗ ಕಾಲು ಕೀಳಲು ಆಗಲಿಲ್ಲ.

ಅಲ್ಲಿಂದ ಮೇಲೆ ಹೋದ ಹಾಗೆ ಗಿಡಮರ ಕಡಿಮೆಯಾಗುತ್ತಾ ಹೋಗುತ್ತದೆ. ಓಸ್ಪಿಟ್ಸಿಯೋ ಬರ್ನಿನಾ ನಿಲ್ದಾಣ ಈ ದಾರಿಯ ಅತಿ ಎತ್ತರದ ತುದಿ. ಅದಕ್ಕೆ ಸ್ವಲ್ಪ ಮೊದಲು ಎರಡು ಕೆರೆ. ಒಂದರ ಹೆಸರು ಲೇಯ್ ನೈರ್, ಕಪ್ಪು ಕೆರೆ. ಇನ್ನೊಂದು ಲಾಗೋ ಬಿಯಾಂಕೋ, ಬಿಳಿ ಕೆರೆ. ಹಿಮನದಿ ಅರೆದ ಕಲ್ಲಿನ ಪುಡಿ ಸೇರಿ ನೀರು ಹಾಲಿನ ಹಾಗೆ ಮಸುಕಾಗಿದೆ. ಎರಡೂ ಅಕ್ಕಪಕ್ಕ ಇವೆ, ಆದರೆ ಕಪ್ಪು ಕೆರೆಯ ನೀರು ಇನ್ ನದಿ, ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಕೆರೆಯ ಕಡೆಯ ನೀರು ಪೋ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ಮಲೆನಾಡಿನಲ್ಲಿ ಒಂದೇ ಗುಡ್ಡದ ಈಚೆ ಬಿದ್ದ ಮಳೆ ಕಾವೇರಿಗೆ, ಆಚೆ ಬಿದ್ದದ್ದು ನೇತ್ರಾವತಿಗೆ ಹೋಗುತ್ತದಲ್ಲ, ಹಾಗೆ. ಭಾಷೆಯೂ ಇಲ್ಲೇ ಬದಲಾಗುತ್ತದೆ. ಈಚೆ ಜರ್ಮನ್ ಮತ್ತು ರೊಮಾನ್ಶ್, ಆಚೆ ಇಟಾಲಿಯನ್.

ಆಲ್ಪ್ ಗ್ರೂಮ್‌ನಲ್ಲಿ ಇಳಿಯಿರಿ. ನಿಲ್ದಾಣವೇ ಹೋಟೆಲ್. ಅಮ್ಮ ಹೆಚ್ಚು ನಡೆಯಬೇಕಿಲ್ಲ. ಪ್ಲಾಟ್‌ಫಾರ್ಮ್ ದಾಟಿದರೆ ಎದುರಿಗೆ ಪಲೂ ಹಿಮನದಿ, ಕೆಳಗೆ ತೀರಾ ಆಳದಲ್ಲಿ ಪೊಸ್ಕಿಯಾವೋ ಕಣಿವೆ. ಒಂದು ಗಂಟೆ ಸುಮ್ನೆ ಕೂತಿರಿ. ಕೆಳಗಿನಿಂದ ಹತ್ತಿ ಬರುವ ಕೆಂಪು ರೈಲು ಮೊದಲು ಒಂದು ಗೆರೆಯ ಹಾಗೆ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಎದುರು ದಿಕ್ಕಿನಲ್ಲಿ ಹೋಗುತ್ತಿರುತ್ತದೆ.

ಇಲ್ಲಿಂದ ಇಳಿತ. ತಿರಾನೋ ಇರುವುದು 429 ಮೀಟರ್‌ನಲ್ಲಿ. ತುದಿಯಿಂದ 40 ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ 1,800 ಮೀಟರ್‌ಗಿಂತ ಹೆಚ್ಚು ಇಳಿಯುತ್ತೀರಿ. ಮುಳ್ಳಯ್ಯನಗಿರಿಯ ತುದಿಯಿಂದ ಹೆಚ್ಚುಕಡಿಮೆ ಮಂಗಳೂರಿನ ಕಡಲತೀರಕ್ಕೆ ಇಳಿದಷ್ಟು. ಮೇಲೆ ಹಿಮ, ಕೆಳಗೆ ದ್ರಾಕ್ಷಿ ತೋಟ. ಬ್ರೂಸಿಯೋ ದಾಟಿದ ಮೇಲೆ ಬಯಲಿನಲ್ಲಿ ಒಂದು ಉಂಗುರದಂಥ ಸೇತುವೆ. ಒಂಬತ್ತು ಕಲ್ಲಿನ ಕಮಾನು. ರೈಲು ಅದರ ಮೇಲೆ ಸುತ್ತಿ ಬಂದು, ತಾನೇ ದಾಟಿದ ಸೇತುವೆಯ ಒಂದು ಕಮಾನಿನ ಕೆಳಗೆ ನುಸುಳಿ ಹೋಗುತ್ತದೆ. ಇದು ತಮಾಷೆಗೆ ಕಟ್ಟಿದ್ದಲ್ಲ. ನೇರವಾಗಿ ಇಳಿಸಿದ್ದರೆ ಇಳಿಜಾರು ನೂರಕ್ಕೆ 7ರ ಗಡಿ ಮೀರುತ್ತಿತ್ತು. ಸುತ್ತಲು ಬೆಟ್ಟ ಕೊರೆಯುವ ಬದಲು ಬಯಲಲ್ಲೇ ಸುತ್ತು ಹಾಕಿಸಿದರು. ಕೊನೆಗೆ ತಿರಾನೋದಲ್ಲಿ ರೈಲು ಊರಿನ ರಸ್ತೆಗೇ ಇಳಿದು, ಕಾರುಗಳ ನಡುವೆ, ಚರ್ಚಿನ ಮುಂದೆ ಹಾದು ಹೋಗುತ್ತದೆ. ತಿರಾನೋ ಇಟಲಿ, ಆದರೆ ಷೆಂಗೆನ್ ವೀಸಾ ಒಂದೇ ಸಾಕು. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.

ಗ್ಲೇಸಿಯರ್ ಎಕ್ಸ್‌ಪ್ರೆಸ್ ಬಗ್ಗೆ ಕೇಳಿದಿರಿ. ತ್ಸೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್, 291 ಕಿಲೋಮೀಟರ್, ಸುಮಾರು 8 ಗಂಟೆ. ಒಳ್ಳೆಯ ದಾರಿಯೇ. ಆದರೆ 8 ಗಂಟೆ ಒಂದೇ ಸೀಟಿನಲ್ಲಿ ಕೂತರೆ ಅಮ್ಮನ ಮಂಡಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತು ಹೇಳಲೇಬೇಕು. ಅದರ ಹೆಸರಿನಲ್ಲಿರುವ ಗ್ಲೇಸಿಯರ್ ಅಂದರೆ ರೋನ್ ಹಿಮನದಿ. 1982ರಲ್ಲಿ ಫುರ್ಕಾ ಘಾಟಿಯ ಕೆಳಗೆ 15 ಕಿಲೋಮೀಟರ್ ಸುರಂಗ ತೆರೆದ ಮೇಲೆ ಆ ಹಿಮನದಿ ಈ ರೈಲಿನಿಂದ ಕಾಣುವುದೇ ಇಲ್ಲ. ಬಿಟ್ಟುಹೋದ ಹಳೆಯ ಮೇಲುದಾರಿಯನ್ನು ಅಲ್ಲಿನ ರೈಲುಪ್ರೇಮಿಗಳು ಸ್ವಂತ ಶ್ರಮದಿಂದ ಉಳಿಸಿ, ಬೇಸಿಗೆಯಲ್ಲಿ ಉಗಿಬಂಡಿ ಓಡಿಸುತ್ತಾರೆ. ಎಂದೋ ವಿಯೆಟ್ನಾಂಗೆ ಮಾರಿದ್ದ ತಮ್ಮ ಇಂಜಿನ್‌ಗಳನ್ನು ಹುಡುಕಿ 1990ರಲ್ಲಿ ಮನೆಗೆ ತಂದರು. ನಿಮ್ಮ ಮೇ ತಿಂಗಳಿಗೆ ಅದು ಶುರುವಾಗಿರುವುದಿಲ್ಲ. ಈ ದಾರಿಯ ರುಚಿ ಬೇಕಿದ್ದರೆ ಕೂರ್‌ನಿಂದ ಡಿಸೆಂಟಿಸ್‌ವರೆಗೆ ಮಾಮೂಲಿ ರೈಲಿನಲ್ಲಿ ಹೋಗಿ ಬನ್ನಿ. ರೈನ್ ನದಿಯ ಕೊರಕಲು ಅದರಲ್ಲೇ ಸಿಗುತ್ತದೆ. ಬಿಳಿ ಸುಣ್ಣದಕಲ್ಲಿನ ಗೋಡೆಗಳ ನಡುವೆ ಹಸಿರು ನೀರು.

ಯುಂಗ್‌ಫ್ರೌ ರೈಲು ಕಟ್ಟಿದ ಕತೆ ನನಗೆ ಬಹಳ ಪ್ರೀತಿಯದು. ಗೂಯರ್-ತ್ಸೆಲ್ಲರ್ ಅನ್ನುವ ಉದ್ಯಮಿ 1896ರಲ್ಲಿ ಕೆಲಸ ಶುರುಮಾಡಿಸಿದರು. ಮೂರು ವರ್ಷಕ್ಕೆ ತೀರಿಕೊಂಡರು. ಕೆಲಸ ಮುಗಿದದ್ದು 1912ರಲ್ಲಿ. ಆದರೆ 9 ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ 7 ಕಿಲೋಮೀಟರ್‌ಗಿಂತ ಹೆಚ್ಚು ಸುರಂಗದೊಳಗೇ. ರೈಲಿನಿಂದ ಬೆಟ್ಟ ನೋಡಬೇಕು ಅನ್ನುವವರಿಗೆ ಅದು ಕತ್ತಲೆಯ ಪ್ರಯಾಣ. ಮೇಲಿನ ನಿಲ್ದಾಣ 3,454 ಮೀಟರ್. ನಾವು ಮೊದಲ ಸಲ ಬೆಂಗಳೂರಿನಿಂದಲೇ ದಿನ ಗೊತ್ತುಮಾಡಿ ಟಿಕೆಟ್ ಕೊಂಡಿದ್ದೆವು. ಮೇಲೆ ಹೋದರೆ ಹಾಲಿನಲ್ಲಿ ಮುಳುಗಿದ ಹಾಗೆ ಬಿಳಿ. ಹತ್ತು ಅಡಿ ಮುಂದೆ ನಿಂತ ಹೆಂಡತಿಯೇ ಕಾಣಲಿಲ್ಲ. ಅವಳಿಗೆ ತಲೆಸುತ್ತು ಬೇರೆ. ಅಪ್ಪನ ಬಿಪಿ ಇರುವಾಗ ನಾನು ಇದನ್ನು ಒತ್ತಾಯ ಮಾಡುವುದಿಲ್ಲ. ಡಾಕ್ಟರ್ ಒಪ್ಪಿದರೆ, ಮೇಲಿನ ಕ್ಯಾಮೆರಾದ ನೇರ ಚಿತ್ರ ಆ ಬೆಳಿಗ್ಗೆ ಫೋನಿನಲ್ಲಿ ನೋಡಿಕೊಂಡು, ಆಮೇಲೆ ಟಿಕೆಟ್ ಕೊಳ್ಳಿ. ಬರ್ನಿನಾದ ಎತ್ತರ ಊಟಿಯಷ್ಟೇ. ಅಲ್ಲಿ ಆ ಭಯ ಇಲ್ಲ.

ಹಲ್ಲಿನ ಹಳಿಯ ರೈಲು ಒಂದಾದರೂ ಹತ್ತಬೇಕು ಅಂತಿದ್ದರೆ ರೀಗಿ ಬೆಟ್ಟಕ್ಕೆ ಹೋಗಿ. ಲೂಸರ್ನ್‌ನಿಂದ ದೋಣಿ, ವಿಟ್ಸ್‌ನೌನಲ್ಲಿ ರೈಲು. 1871ರದ್ದು, ಯುರೋಪಿನಲ್ಲಿ ಬೆಟ್ಟ ಹತ್ತಿದ ಮೊಟ್ಟಮೊದಲ ಹಲ್ಲುಹಳಿಯ ರೈಲು ಅದೇ. ಎತ್ತರ 1,800 ಮೀಟರ್‌ಗೂ ಕಡಿಮೆ, ವಯಸ್ಸಾದವರಿಗೆ ಹಗುರ.

ಟಿಕೆಟ್ ವಿಷಯ: ಹತ್ತು ದಿನದಲ್ಲಿ ಓಡಾಟ ಜಾಸ್ತಿ ಇದ್ದರೆ ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಳ್ಳಿ. ತಿರಾನೋವರೆಗೂ, ರೀಗಿಗೂ ಅದು ನಡೆಯುತ್ತದೆ. ಯುಂಗ್‌ಫ್ರೌ ತುದಿಗೆ ರಿಯಾಯಿತಿ ಮಾತ್ರ. ಮಗಳಿಗೆ ಉಚಿತ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ತಂದೆ ಅಥವಾ ತಾಯಿ ಜೊತೆಗಿದ್ದರೆ 16 ತುಂಬುವವರೆಗೆ ಟಿಕೆಟ್ ಬೇಕಿಲ್ಲ. ಓಡಾಟ ಕಡಿಮೆ ಇದ್ದರೆ ತಿಂಗಳ ಹಾಫ್ ಫೇರ್ ಕಾರ್ಡ್ ಲಾಭ. ಎರಡನ್ನೂ ಲೆಕ್ಕ ಹಾಕಿ ನೋಡಿ.

ಮೇ ತಿಂಗಳಲ್ಲಿ ಮೇಲಿನ ಕೆರೆಗಳು ಹೆಪ್ಪುಗಟ್ಟಿರಬಹುದು, ಕೆಲವು ಕೇಬಲ್ ಕಾರು ರಿಪೇರಿಗೆ ನಿಂತಿರುತ್ತವೆ. ರೈಲು ಮಾತ್ರ ವರ್ಷವಿಡೀ ಓಡುತ್ತದೆ. ಹೋಗುವ ಕಾಲ ಬದಲಿಸುವ ಅವಕಾಶ ಇದ್ದರೆ ದಸರೆ ರಜೆ ನನಗೆ ಇನ್ನೂ ಇಷ್ಟ. ಅಕ್ಟೋಬರ್‌ನಲ್ಲಿ ಎಂಗಡೀನ್‌ನ ಲಾರ್ಚ್ ಮರಗಳು ಅರಿಶಿನದ ಬಣ್ಣಕ್ಕೆ ತಿರುಗಿರುತ್ತವೆ.

ಊಟ: ಅಂಗಡಿಯಲ್ಲಿ ಬ್ರೆಡ್, ಮೊಸರು, ಹಣ್ಣು ಸಿಗುತ್ತದೆ. ಭಾನುವಾರ ಸಣ್ಣ ಊರಿನಲ್ಲಿ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಕೊಂಡಿಡಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಪೊಸ್ಕಿಯಾವೋ, ತಿರಾನೋ ಕಡೆ ಪಿತ್ಸೊಕೇರಿ ಅಂತ ಒಂದು ತಿನಿಸು ಇದೆ. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ಪಟ್ಟಿ, ಆಲೂಗಡ್ಡೆ, ಎಲೆಕೋಸು, ಚೀಸ್. ಬಿಸಿಬಿಸಿ ತಿಂದರೆ ಹೊಟ್ಟೆ ತುಂಬುತ್ತದೆ. ಬಾರ್ಲಿ ಸೂಪ್ ನೋಡಿ ಮೋಸಹೋಗಬೇಡಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಕೇಳಿಯೇ ತರಿಸಿ.

ದೊಡ್ಡ ಪೆಟ್ಟಿಗೆಗಳನ್ನು ಹೋಟೆಲ್‌ನಲ್ಲೇ ಬಿಡಿ. ಕೆಲವು ಸಣ್ಣ ನಿಲ್ದಾಣಗಳಲ್ಲಿ ಬಟನ್ ಒತ್ತಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಆ ಕೆಲಸ ಮಗಳಿಗೆ ವಹಿಸಿ. ಮತ್ತೆ ಪೊಸ್ಕಿಯಾವೋ ಊರು ದಾಟುತ್ತಿದ್ದಂತೆ ಎಲ್ಲರೂ ಎಡಗಡೆಗೆ ಬನ್ನಿ. ಕೆರೆ ಆ ಕಡೆಗೇ ಬರುತ್ತದೆ. ಹಳಿ ನೀರಿನ ಅಂಚಿಗೇ ಇದೆ. ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ.